‘ವದ್ದು’ ಎಂದರೆ ಒದೆಯುವುದಲ್ಲ

ಒಂದು ರುಜು ಹಾಕಲು ಇಷ್ಟು ತಿಂಗಳು ತೆಗೆದುಕೊಳ್ಳುತ್ತಿರುವ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಬರೆಯುವುದು ನನ್ನ ಕಸುಬಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವನು ನಾನು. ಆದರೆ ಬಾಯಲ್ಲಿ ಹೇಳಿದ್ದು ನಿಮ್ಮ ಕಚೇರಿಗೆ ಕೇಳಿಸುವುದಿಲ್ಲ, ‘ಬರೆದು ಕೊಡಿ’ ಎನ್ನುತ್ತೀರಿ. ಬರೆದು ಕೊಟ್ಟರೆ ‘ಇದನ್ನು ನಮಗಲ್ಲ, ಅವರಿಗೆ ಬರೆಯಬೇಕಿತ್ತು’ ಎನ್ನುತ್ತೀರಿ. ಅವರಿಗೆ ಬರೆದರೆ ಅವರು ಅದನ್ನು ಮಡಿಸಿ ನಿಮಗೇ ಕಳಿಸುತ್ತಾರೆ. ಹೀಗಾಗಿ ಈ ಸಲ ಊರಿಗೆಲ್ಲ ಕಾಣುವಂತೆ ಪತ್ರಿಕೆಗೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ನನ್ನ ಕೈಯಿಂದ ಇಷ್ಟುದ್ದ ಬರೆಸಿದ ಪಾಪ ನಿಮ್ಮದು. ಕಾಗುಣಿತ ತಿದ್ದಿ ಟೈಪು ಮಾಡಿದವನು ನಮ್ಮ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ತನ್ವೀರ್. ಎರಡು ಪುಟ ಆಗುವಷ್ಟರಲ್ಲಿ ಅವನು, ‘ಮಾರಣ್ಣ, ನೀನು ಹೇಳಿದ್ದೆಲ್ಲ ಹಾಕಿದ್ರೆ ಪೇಪರ್‌ನವ್ರು ನಮ್ಮಿಬ್ಬರ ಮೇಲೂ ಕೇಸ್ ಹಾಕ್ತಾರೆ. ಅರ್ಧ ಬೈಗುಳ ನಾನು ತಿಂದ್ಕೊಂಡಿದೀನಿ’ ಎಂದ. ಆದ್ದರಿಂದ ಇಲ್ಲಿ ಇರುವುದು ಉಳಿದ ಅರ್ಧ.

ಆಸ್ಪತ್ರೆಯ ಹೆಸರನ್ನೂ ಹಾಕಿಲ್ಲ. ಹಾಕದಿದ್ದರೂ ಪರವಾಗಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮನ ಮಗ ಗೋಪಿ ನಿಮ್ಮ ಆಸ್ಪತ್ರೆಯಲ್ಲಿದ್ದಾನೆ. ಅವನಿಗೆ ಕಾಯಿಲೆ ಇಲ್ಲ. ಇದು ನನ್ನ ಮಾತಲ್ಲ, ಆಪರೇಷನ್ ಮಾಡಿದ ಡಾಕ್ಟರು ದೀಪಾವಳಿ ಹೊತ್ತಿಗೇ ಹೇಳಿದ ಮಾತು. ದಸರಾ ಮುಗಿದ ವಾರ ಅವನಿಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಒಡೆದಿದೆ ಎಂದರು, ಕೊಯ್ದರು, ಹೊಲಿದರು. ಒಳ್ಳೆಯ ಕೆಲಸ ಮಾಡಿದರು, ಅದಕ್ಕೆ ಇಲ್ಲೇ ಕೈ ಮುಗಿಯುತ್ತೇನೆ, ಇನ್ನು ಮುಂದೆ ಮುಗಿಯುವುದಿಲ್ಲ. ಹೊಲಿಗೆ ಬಿಚ್ಚಿದ ದಿನ ಆ ಡಾಕ್ಟರು ‘ಇನ್ನು ಮನೆಗೆ ಕರ್ಕೊಂಡ್ ಹೋಗಿ, ಖಾರ ಕಮ್ಮಿ ಕೊಡಿ’ ಎಂದರು. ನನ್ನ ಹೆಂಡತಿ ಗೋವಿಂದಮ್ಮ ಅವನ ಬಟ್ಟೆ ಕಟ್ಟಿದಳು. ಸಂಕ್ರಾಂತಿಯೂ ಕಳೆಯಿತು. ಆ ಗಂಟನ್ನು ಇನ್ನೂ ಬಿಚ್ಚಿಲ್ಲ.

ಗೋಪಿ ಯಾರು ಎಂಬುದನ್ನು ಓದುವವರಿಗೆ ಹೇಳಬೇಕು. ನಿಮಗೂ ಹೇಳಬೇಕು, ಏಕೆಂದರೆ ಇಷ್ಟು ತಿಂಗಳು ಇಟ್ಟುಕೊಂಡರೂ ನಿಮಗೆ ಗೊತ್ತಿಲ್ಲ. ಅವನಿಗೆ ನಲವತ್ತರ ಹತ್ತಿರ. ಹುಟ್ಟಿದಾಗಿನಿಂದ ಬುದ್ಧಿ ನಿಧಾನ. ಎಣಿಸಲು ಬರುವುದಿಲ್ಲ, ಓದಲು ಬರುವುದಿಲ್ಲ, ಹೊಸಬರ ಮುಂದೆ ಮಾತು ಕಟ್ಟಿಹೋಗುತ್ತದೆ. ಅವರಪ್ಪ ಹೋದ, ಅವ್ವ ಹೋದಳು, ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾನೆ. ನಾವು ಮನೆಯಲ್ಲಿ ತೆಲುಗು ಆಡುವ ನೇಕಾರರು. ಮೊಳಕಾಲ್ಮೂರಿನ ಸೀರೆಯನ್ನು ನೀವು ನೋಡಿರುತ್ತೀರಿ, ನಿಮ್ಮ ಮನೆಯವರು ಉಟ್ಟೂ ಇರುತ್ತಾರೆ. ಅದರ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಅಂಚಿನ ಬಣ್ಣ ಒಡಲಿಗೆ ಇಳಿಯಬಾರದೆಂದರೆ ಮೂರು ಲಾಳಿ ಬೇಕು, ಮೂರು ಲಾಳಿಗೆ ಇಬ್ಬರು ಬೇಕು. ಒಡಲಿನದೂ ಎಡಗಡೆ ಅಂಚಿನದೂ ನನ್ನ ಕೈಯಲ್ಲಿ. ಬಲಗಡೆ ಅಂಚಿನ ಲಾಳಿ ಗೋಪಿಯದು. ಎಣಿಸಲು ಬಾರದಿದ್ದರೂ ತನ್ನ ಸರದಿ ಅವನಿಗೆ ತಪ್ಪುವುದಿಲ್ಲ. ಕೆಲವು ದಿನ ಬೇಜಾರಾಗಿ ಎದ್ದು ಹೋಗುತ್ತಾನೆ, ನಾನು ಬೈಯುತ್ತೇನೆ, ಅವನೂ ಬೈಯುತ್ತಾನೆ, ಟೀ ಕುಡಿದು ಮತ್ತೆ ಕೂರುತ್ತೇವೆ. ಇದು ನಮ್ಮ ಸಂಸಾರ.

ಮಗ್ಗದಲ್ಲಿ ನಮ್ಮಿಬ್ಬರ ನಡುವೆ ಒಂದೇ ಒಂದು ಕಾನೂನಿದೆ. ಎಳೆ ಕಡಿದದ್ದು ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಕೈ ಮೇಲೆತ್ತಿ ‘ವದ್ದು’ ಎನ್ನಬೇಕು. ತೆಲುಗಿನಲ್ಲಿ ವದ್ದು ಎಂದರೆ ಬೇಡ, ನಿಲ್ಲಿಸು. ಅಂದ ತಕ್ಷಣ ಇನ್ನೊಬ್ಬರ ಕೈ ನಿಲ್ಲಬೇಕು. ಯಜಮಾನ ನಾನೇ ಇರಬಹುದು, ಆದರೆ ಗೋಪಿ ವದ್ದು ಎಂದರೆ ನನ್ನ ಕೈ ನಿಲ್ಲಬೇಕು. ನಿಲ್ಲದಿದ್ದರೆ ಸೀರೆ ಕೆಟ್ಟಿತು. ಅವನ ಜೀವಮಾನದಲ್ಲಿ ಅವನ ಮಾತಿಗೆ ದೊಡ್ಡವರು ತಲೆಬಾಗುವುದು ಅದೊಂದಕ್ಕೇ. ಆ ಮಾತನ್ನು ಅವನು ಹಗುರಾಗಿ ಆಡುವವನಲ್ಲ.

ಈಗ ನಿಮ್ಮ ಆಸ್ಪತ್ರೆಗೆ ಬನ್ನಿ. ಆಪರೇಷನ್ ಆದಮೇಲೆ ಅವನನ್ನು ಒಳಗಿನ ವಾರ್ಡಿಗೆ ಹಾಕಿ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿದಿರಿ. ಎರಡನೇ ದಿನ ಗಾಜಿನಿಂದ ನೋಡಿದರೆ ಅವನ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ‘ಪೇಷೆಂಟ್ ವೈಲೆಂಟ್’ ಎಂಬ ಉತ್ತರ ಬಂತು. ನಾನು ನಂಬಿದೆ. ನೋವಿಗೆ ಏನಾದರೂ ಮಾಡಿರಬಹುದು ಎಂದುಕೊಂಡೆ. ಹೊರಗಿನ ವಾರ್ಡಿಗೆ ತಂದ ಮೇಲೂ ಬಾಗಿಲಿಗೆ ಒಬ್ಬ ಗಾರ್ಡನ್ನು ಕೂರಿಸಿದಿರಿ. ನನ್ನನ್ನು ಕಂಡ ಕೂಡಲೇ ಗೋಪಿ ‘ಪೆದ್ದನಾಯ್ನಾ’ ಎಂದು ಕೂಗಿದ. ಆ ಗಾರ್ಡು ಹಲ್ಲು ಕಿಸಿದು, ‘ನೋಡ್ರಿ ಅಜ್ಜ, ನಿಮ್ಮನ್ನೇ ಪೆದ್ದ ಅಂತಾನೆ’ ಎಂದ. ತೆಲುಗಿನಲ್ಲಿ ಪೆದ್ದನಾಯ್ನ ಎಂದರೆ ದೊಡ್ಡಪ್ಪ. ‘ಅಂವ ಸರಿಯಾಗೇ ಅಂದಿದಾನೆ ಬಿಡಪ್ಪ, ಇಲ್ಲಿಗೆ ಕರ್ಕೊಂಡು ಬಂದೆನಲ್ಲ’ ಎಂದೆ.

ಆಮೇಲೆ ಒಬ್ಬ ನರ್ಸ್ ಬಂದಳು. ಮಂಡ್ಯದ ಕಡೆಯವಳು, ಒಳ್ಳೆಯ ಹುಡುಗಿ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ನೋಟಿಸು ಹೋಗುವುದು ಅವಳೊಬ್ಬಳಿಗೇ.

‘ಅಜ್ಜ, ನಿಮ್ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ. ಸೂಜಿ ತಗೊಂಡು ಹತ್ರ ಹೋದ್ರೆ ಒದೀತೀನಿ ಅಂತಾನೆ’ ಎಂದಳು.

‘ಏನಂತಾನಮ್ಮ? ಅವನ ಬಾಯಲ್ಲಿ ಬಂದಂಗೇ ಹೇಳು.’

‘ಒದ್ದು, ಒದ್ದು ಅಂತಾನೆ. ಕೈ ಬೇರೆ ಎತ್ತುತಾನೆ.’

‘ಯಾರಿಗಾದ್ರೂ ಒದ್ದಿದಾನಾ?’

‘ಇಲ್ಲ.’

‘ಕಾಲಾದ್ರೂ ಎತ್ತಿದಾನಾ?’

‘ಇಲ್ಲ ಅಜ್ಜ, ಕೈ ಎತ್ತುತಾನೆ ಅಂದ್ನಲ್ಲ.’

‘ಕೈಯಲ್ಲಿ ಯಾರಮ್ಮ ಒದೀತಾರೆ?’

ಅವಳಿಗೆ ನಗು ಬಂತು. ವದ್ದು ಎಂದರೆ ಏನೆಂದು ನಾನು ಹೇಳಿದ ಮೇಲೆ ಆ ನಗು ಹೋಯಿತು. ನಮ್ಮ ಸೀಮೆಯವರ ಬಾಯಲ್ಲಿ ಅದು ಒದ್ದು ಎಂದೇ ಕೇಳಿಸುತ್ತದೆ, ಅದು ಅವಳ ತಪ್ಪಲ್ಲ. ‘ಅಯ್ಯೋ, ಬೇಡ ಬೇಡ ಅಂದವನನ್ನ ನಾವು ಕಟ್ಟಿಹಾಕಿದ್ವಲ್ಲ’ ಎಂದು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ನಿಮ್ಮ ಇಡೀ ಆಸ್ಪತ್ರೆಯಲ್ಲಿ ಈ ಮಾತು ಹೇಳಿದವಳು ಅವಳೊಬ್ಬಳೇ. ಅವತ್ತೇ ಹೋಗಿ ದೊಡ್ಡ ಡಾಕ್ಟರಿಗೂ ತಿಳಿಸಿದಳು.

ಮಾನ್ಯರೇ, ಆ ವಾರ್ಡಿನಲ್ಲಿ ತೆಲುಗು ಬಲ್ಲವರು ಇರಲಿಲ್ಲವೇ? ತುಂಬಾ ಜನ ಇದ್ದರು. ಆದರೆ ಅವರೆಲ್ಲ ರೋಗಿಗಳು, ಇಲ್ಲವೇ ರೋಗಿಗಳ ಮನೆಯವರು. ಪರಶುರಾಂಪುರದಿಂದ ಗಂಡನನ್ನು ಕರೆತಂದಿದ್ದ ಕುಲ್ಸುಮ್ ಬೀ ಎಂಬ ಹೆಂಗಸು ಅವನನ್ನು ಹೊರಗಿನ ವಾರ್ಡಿಗೆ ತಂದ ಮೊದಲ ದಿನವೇ ನಿಮ್ಮವರಿಗೆ ‘ಅಂವ ಬ್ಯಾಡ ಅಂತಾವ್ನೆ ಕಣಮ್ಮ, ಪಾಪ’ ಎಂದಿದ್ದಳಂತೆ. ‘ನಿಮ್ಮ ಪೇಷೆಂಟ್ ನೀವು ನೋಡ್ಕೊಳ್ಳಿ’ ಎಂದು ಅವಳ ಬಾಯಿ ಮುಚ್ಚಿಸಿದರಂತೆ. ನಮ್ಮ ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ವಿಜ್ಞಾನಿಗಳು ಹಾಕಿಸಿಕೊಂಡ ಬೇಲಿಯೊಳಗೆ ಆಕಾಶಕ್ಕೆ ಏನೇನೋ ಕಳಿಸುವ ಕೆಲಸ ನಡೆಯುತ್ತದೆ ಎನ್ನುತ್ತಾರೆ. ಅಷ್ಟು ದೂರ ನಿಮ್ಮಿಂದಾಗುವುದಿಲ್ಲ, ಬಿಡಿ. ಒಂದು ಮಂಚದಿಂದ ಪಕ್ಕದ ಮಂಚಕ್ಕೆ ಒಂದು ಮಾತು ತಲುಪಿದ್ದರೆ ಸಾಕಿತ್ತು.

ತಪ್ಪು ತಿಳಿಯಿತು, ಇನ್ನಾದರೂ ಬಿಡುತ್ತಾರೆ ಎಂದುಕೊಂಡೆ. ಇಲ್ಲ. ಒಮ್ಮೆ ಬರೆದದ್ದನ್ನು ಹೊಡೆದುಹಾಕಲು ಬರುವುದಿಲ್ಲವಂತೆ. ವೈಲೆಂಟ್ ಎಂದು ಬರೆದಾಗಿದೆ, ವೈಲೆಂಟ್ ಅಲ್ಲ ಎಂದು ಮನಸ್ಸಿನ ಡಾಕ್ಟರು ಹೇಳಬೇಕಂತೆ. ಅವರು ವಾರಕ್ಕೊಮ್ಮೆ ಬರುವವರು, ಆ ವಾರ ರಜೆ, ಮರುವಾರ ಮೀಟಿಂಗು. ಕೊನೆಗೂ ಬಂದರು. ಗೋಪಿಯನ್ನು ಕನ್ನಡದಲ್ಲಿ ಕೇಳಿದರು: ಇವತ್ತು ಯಾವ ವಾರ? ನೂರರಲ್ಲಿ ಏಳು ಕಳೆದರೆ ಎಷ್ಟು? ನಮ್ಮ ದೇಶದ ರಾಜಧಾನಿ ಯಾವುದು? ಅವನು ನನ್ನ ಮುಖ ನೋಡಿದ. ಅವರು ತಲೆಯಾಡಿಸಿ ಬರೆದುಕೊಂಡರು. ರಾಜಧಾನಿ ಗೊತ್ತಿಲ್ಲದವನು ಮನೆಗೆ ಹೋಗಬಾರದು ಎನ್ನುವುದಾದರೆ ನಮ್ಮ ಬೀದಿಯ ಅರ್ಧ ಜನ ನಿಮ್ಮಲ್ಲೇ ಮಲಗಬೇಕಾಗುತ್ತದೆ, ಮಂಚ ಸಾಲುವುದಿಲ್ಲ.

ಮಂಚ ಈಗಲೂ ಸಾಲುತ್ತಿಲ್ಲ. ನಿಮ್ಮ ವರಾಂಡದಲ್ಲಿ ಬಾಣಂತಿಯರಿಂದ ಹಿಡಿದು ಮುದುಕರವರೆಗೆ ಚಾಪೆಯ ಮೇಲೆ ಮಲಗಿದ್ದಾರೆ. ಕಾಯಿಲೆ ಇರುವವರು ನೆಲದ ಮೇಲೆ, ಕಾಯಿಲೆ ಇಲ್ಲದವನು ಮಂಚದ ಮೇಲೆ. ಇದನ್ನು ಆಡಳಿತ ಎನ್ನುತ್ತಾರಾ? ನಾವು ನೇಯುವವರು ಹೀಗೆ ಹಾಸು ಹೊಕ್ಕು ಅದಲುಬದಲು ಮಾಡಿದರೆ ಸಾಹುಕಾರ ಸೀರೆಯನ್ನು ಮುಖಕ್ಕೆ ಎಸೆಯುತ್ತಾನೆ. ಈ ನಡುವೆ ಅವನಿಗೆ ಕೆಮ್ಮು ಹತ್ತಿತು. ಮನೆಯಿಂದ ತಂದ ಕೆಮ್ಮಲ್ಲ, ನಿಮ್ಮ ವಾರ್ಡಿನದೇ. ಆ ಕೆಮ್ಮು ವಾಸಿಯಾಗುವವರೆಗೆ ಬಿಡುವುದಿಲ್ಲ ಎಂದಿರಿ. ಕೆಮ್ಮು ಕೊಟ್ಟವರೂ ನೀವೇ, ಸೂಜಿ ಚುಚ್ಚಿದವರೂ ನೀವೇ.

ಕೆಮ್ಮು ಹೋಯಿತು. ಆಗ ನಿಮ್ಮ ಕಚೇರಿಗೆ ಹೊಸ ಯೋಚನೆ ಬಂತು: ಇವನನ್ನು ಯಾರ ಕೈಗೆ ಒಪ್ಪಿಸುವುದು? ನಾನು ಎದುರಿಗೇ ನಿಂತಿದ್ದೆ. ‘ನೀವು ತಂದೆ ಅಲ್ಲವಲ್ಲ’ ಎಂದರು. ನನ್ನ ತಮ್ಮ ಸತ್ತಿದ್ದಾನೆ ಎಂದೆ. ಸತ್ತದ್ದಕ್ಕೆ ಪ್ರಮಾಣಪತ್ರ ತನ್ನಿ ಎಂದರು, ತಂದೆ. ತಾಯಿಯದೂ ತನ್ನಿ ಎಂದರು, ಅದನ್ನೂ ತಂದೆ. ಅಪ್ಪ ಅವ್ವ ಇಬ್ಬರೂ ಸತ್ತಿದ್ದಾರೆಂದು ಖಾತ್ರಿಯಾದ ಮೇಲೆ, ‘ಹಾಗಾದ್ರೆ ಇವನಿಗೆ ಯಾರೂ ಇಲ್ಲ’ ಎಂದರು. ಇಷ್ಟು ಹೊತ್ತು ಇವರ ಮುಂದೆ ನಿಂತು ಕಾಗದ ಕೊಟ್ಟವನು ಯಾರು, ದೆವ್ವವೇ? ನನ್ನನ್ನು ಕಾನೂನುಬದ್ಧ ಪೋಷಕ ಎಂದು ಜಿಲ್ಲೆಯ ಸಮಿತಿಯೊಂದು ನೇಮಿಸಬೇಕಂತೆ. ಸಮಿತಿ ಯಾವಾಗ ಸೇರುತ್ತದೆ? ಸೇರಿದಾಗ ತಿಳಿಸುತ್ತಾರಂತೆ.

ನನಗೆ ಓದು ಕಡಿಮೆ, ಆದ್ದರಿಂದ ಒಂದು ಮಾತು ನನಗೆ ಬಿಡಿಸಿ ಹೇಳಿ. ಆಪರೇಷನ್ನಿಗೆ ಮುಂಚೆ ನಿಮ್ಮ ಡಾಕ್ಟರು ಒಂದು ಕಾಗದ ಮುಂದಿಟ್ಟು, ‘ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ, ರುಜು ಹಾಕಿ’ ಎಂದರು. ಹಾಕಿದೆ. ನೀನು ಅಪ್ಪನಾ, ಸಮಿತಿ ನಿನ್ನನ್ನು ನೇಮಿಸಿದೆಯಾ ಎಂದು ಆಗ ಯಾರೂ ಕೇಳಲಿಲ್ಲ. ಅವನು ಸತ್ತರೆ ಒಪ್ಪಿಕೊಳ್ಳಲು ನನ್ನ ರುಜು ಸಾಕು. ಬದುಕಿದ ಮೇಲೆ ಮನೆಗೆ ಕರೆದೊಯ್ಯಲು ಅದೇ ರುಜು ಸಾಲದು. ಹೊಟ್ಟೆ ಕೊಯ್ಯುವುದಕ್ಕಿಂತ ಬಸ್ಸು ಹತ್ತಿಸುವುದು ಅಪಾಯವೇ, ಸ್ವಾಮಿ?

ಇನ್ನೊಂದು ಆಕ್ಷೇಪ ನನ್ನ ವಯಸ್ಸಿನದು. ‘ನಿಮಗೇ ವಯಸ್ಸಾಗಿದೆ. ನಾಳೆ ನೀವು ಹೋದ್ರೆ ಇವನ ಗತಿ ಏನು?’ ಎಂದು ನಿಮ್ಮ ಕಚೇರಿಯ ಮಹಾನುಭಾವರು ನನ್ನ ಮುಖಕ್ಕೇ ಕೇಳಿದರು. ಚಳ್ಳಕೆರೆಯಲ್ಲಿರುವ ನನ್ನ ಮಗಳು ರಂಜಿತಾ ಅವತ್ತು ಜೊತೆಗಿದ್ದಳು. ‘ಅಪ್ಪ ಹೋದ್ರೆ ಗೋಪಿಯಣ್ಣ ನನ್ನ ಮನೇಲಿರ್ತಾನೆ, ಬರ್ಕೊಳ್ರಿ’ ಎಂದಳು. ‘ನಿಮ್ಮ ಯಜಮಾನ್ರು ಒಪ್ಪಬೇಕಲ್ಲಮ್ಮ’ ಎಂದರು. ‘ಒಪ್ಪಿಸೋದು ನನಗೆ ಬಿಡ್ರಿ. ನೀವೇನು ನನ್ನ ಅತ್ತೆಯಾ?’ ಎಂದಳು. ಬಾಯಿ ನನ್ನದೇ, ಮಗಳಿಗೆ ಬಂದಿದೆ. ಅವರು ಬರೆದುಕೊಳ್ಳಲಿಲ್ಲ. ವೈಲೆಂಟ್ ಎಂದು ಬರೆಯಲು ಒಂದು ಕ್ಷಣ ಸಾಕಾಗಿತ್ತು. ಮನುಷ್ಯರ ಮಾತು ಬರೆದುಕೊಳ್ಳಲು ಮಾತ್ರ ನಿಮ್ಮ ಪೆನ್ನಿನಲ್ಲಿ ಇಂಕು ಇರುವುದಿಲ್ಲ.

ಗೋಪಿಯನ್ನು ನೀವು ಏನೆಂದು ತಿಳಿದಿದ್ದೀರಿ ಎಂಬುದನ್ನಾದರೂ ಒಂದು ಸಲ ತೀರ್ಮಾನ ಮಾಡಿ. ಬಿಸ್ಕತ್ತು ಕೊಡುವಾಗ ಅವನು ನಿಮಗೆ ಮಗು. ಕಟ್ಟುವಾಗ ಗಟ್ಟಿ ಆಳು. ‘ಮನೆಗೆ ಹೋಗಬೇಕಾ’ ಎಂದು ಕೇಳಬೇಕಾದಾಗ ಅವನು ಏನೂ ಅಲ್ಲ. ಇಷ್ಟು ತಿಂಗಳಲ್ಲಿ ನಿಮ್ಮವರು ಒಬ್ಬರಾದರೂ ಅವನನ್ನು ಆ ಒಂದು ಪ್ರಶ್ನೆ ಕೇಳಿದ್ದಾರೆಯೇ? ರಾಜಧಾನಿ ಕೇಳಿದರು, ಮನೆ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅವನ ಬಾಯಲ್ಲೇ ಇತ್ತು. ಪ್ರತಿ ಸಲ ನಾನು ಹೊರಟು ನಿಂತಾಗ ‘ಇಂಟಿಕಿ ಪೋದಾಂ’ ಎನ್ನುತ್ತಿದ್ದ, ಮನೆಗೆ ಹೋಗೋಣ ಎಂದು. ನಾಳೆ ಎಂದು ಸುಳ್ಳು ಹೇಳಿ ಬರುತ್ತಿದ್ದೆ.

ಹೋದ ವಾರ ಗೋವಿಂದಮ್ಮ ಒಬ್ಬಳೇ ಅನ್ನ ಸಾರು ಕಟ್ಟಿಕೊಂಡು ಹೋದಳು. ಮೊಳಕಾಲ್ಮೂರಿನಿಂದ ಬಿ.ಜಿ. ಕೆರೆ ದಾಟಿ ಚಳ್ಳಕೆರೆ, ಅಲ್ಲಿ ಇಳಿದು ಇನ್ನೊಂದು ಬಸ್ಸು. ಮಂಡಿನೋವಿನವಳು. ಮನೆಯಲ್ಲಿ ಅವರಿಬ್ಬರದು ಒಂದು ಆಟವಿದೆ. ಅವನ ಹೊಟ್ಟೆ ತುಂಬಿದ್ದು ಗೊತ್ತಿದ್ದೂ ಅವಳು ಇನ್ನೊಂದು ಸೌಟು ಅನ್ನ ಎತ್ತುತ್ತಾಳೆ, ಅವನು ತಟ್ಟೆಗೆ ಕೈ ಅಡ್ಡ ಹಿಡಿದು ವದ್ದು ವದ್ದು ಎಂದು ಕೂಗಿ ನಗುತ್ತಾನೆ. ಅವತ್ತೂ ಅವಳು ಇನ್ನೊಂದು ಸೌಟು ಹಾಕಿದಳು. ಅವನು ತಿಂದ. ಮತ್ತೊಂದು ಹಾಕಿದಳು. ಅದನ್ನೂ ತಿಂದ. ಕೈ ಅಡ್ಡ ಬರಲಿಲ್ಲ, ಬಾಯಿಂದ ಮಾತು ಬರಲಿಲ್ಲ. ಅವಳ ಕೈಯನ್ನೇ ನೋಡುತ್ತಾ ಹಾಕಿದಷ್ಟೂ ತಿನ್ನುತ್ತಿದ್ದ. ಕೊನೆಗೆ ಅವಳೇ ಡಬ್ಬಿ ಮುಚ್ಚಿದಳು. ಹೊರಟು ನಿಂತಾಗ ಮನೆಗೆ ಹೋಗೋಣ ಎಂದೂ ಅನ್ನಲಿಲ್ಲವಂತೆ. ಮನೆಗೆ ಬಂದವಳು ಎರಡು ದಿನ ನನಗೆ ಇದನ್ನು ಹೇಳಲಿಲ್ಲ. ಆಮೇಲೆ ‘ವಾಡಿ ಮಾಟ ಪೋಯಿಂದಿ’ ಎಂದಳು. ಅವನ ಮಾತು ಹೋಯಿತು ಎಂದು.

ಮರುದಿನ ನಾನು ಹೋಗಿ ವಾರ್ಡಿನಲ್ಲಿ ವಿಚಾರಿಸಿದೆ. ಅಲ್ಲಿದ್ದವರು ಖುಷಿಯಾಗಿದ್ದರು. ‘ಈಗ ಎಷ್ಟೋ ಸುಧಾರಿಸಿದಾನೆ ಅಜ್ಜ. ಗಲಾಟೆನೇ ಇಲ್ಲ. ಸೂಜಿ ತಂದ್ರೆ ತಾನೇ ಕೈ ಚಾಚ್ತಾನೆ’ ಎಂದರು.

ಇದು ನಿಮ್ಮ ಸುಧಾರಣೆ, ಮಾನ್ಯರೇ. ನಮ್ಮ ಮನೆಯಲ್ಲಿ ಅವನಿಗೆ ಇದ್ದದ್ದೇ ಅದೊಂದು ಅಧಿಕಾರ, ಬೇಡ ಎನ್ನುವುದು. ಹೊಟ್ಟೆಯಿಂದ ನೀವು ತೆಗೆದದ್ದು ಕೆಟ್ಟ ಮಾಂಸ, ಅದು ಸರಿ. ಈ ಮಾತನ್ನು ತೆಗೆಯಿರಿ ಎಂದು ನಿಮಗೆ ಯಾರು ಹೇಳಿದರು? ಅದಕ್ಕೂ ನನ್ನ ಹತ್ತಿರ ರುಜು ಹಾಕಿಸಿಕೊಂಡಿದ್ದಿರಾ?

ಹೋಗಲಿ, ಶಾಂತನಾದನಲ್ಲ, ಈಗಲಾದರೂ ಬಿಡಿ ಎಂದರೆ ಅದಕ್ಕೂ ನಿಮ್ಮಲ್ಲಿ ಉತ್ತರ ಸಿದ್ಧವಿದೆ. ಶಾಂತನಾದವನನ್ನು ಎಲ್ಲಿ ಬೇಕಾದರೂ ಇಡಬಹುದಂತೆ. ಆದ್ದರಿಂದ ‘ರೋಗಿಯ ಹಿತದೃಷ್ಟಿಯಿಂದ’ ಅವನನ್ನು ಬೇರೆ ಜಿಲ್ಲೆಯ ಪುನರ್ವಸತಿ ಕೇಂದ್ರಕ್ಕೆ ಕಳಿಸುತ್ತೀರಂತೆ, ಫೆಬ್ರವರಿ ಹದಿನೈದಾದ ಮೇಲೆ ಗಾಡಿ ಬರುತ್ತದಂತೆ. ಅಂದರೆ, ಬೇಡ ಎಂದಾಗ ಅಪಾಯದವನು, ಮನೆಗೆ ಬಿಡಲು ಬರುವುದಿಲ್ಲ. ಬೇಡ ಎನ್ನದಿದ್ದಾಗ ಸಾಧು, ಮನೆಗೇ ಬಿಡಬೇಕೆಂದಿಲ್ಲ. ಇವನು ನಿಮ್ಮ ಬಾಗಿಲು ದಾಟಲು ಬೇರೆ ಯಾವ ರೀತಿ ಇರಬೇಕಿತ್ತು? ವಸತಿ ಇಲ್ಲದವನಿಗೆ ಪುನರ್ವಸತಿ. ಮನೆ ಇದೆ, ಮಂದಿ ಇದ್ದಾರೆ, ಗುಂಡಿಯ ಬಲಗಡೆ ಅವನು ಕೂರುವ ಹಲಗೆ ಇದೆ. ಆ ಕೇಂದ್ರದವರು ಎಷ್ಟೇ ಒಳ್ಳೆಯವರಿರಲಿ, ಅಲ್ಲಿ ವದ್ದು ಎಂದರೆ ಯಾರ ಕೈ ನಿಲ್ಲುತ್ತದೆ?

ನಿಮ್ಮ ಕಾಗದದಲ್ಲಿ ಇದನ್ನೆಲ್ಲ ‘ಬಿಡುಗಡೆ ಪ್ರಕ್ರಿಯೆ’ ಎಂದು ಕರೆದಿದ್ದೀರಿ. ಜೈಲಿನವರೂ ಬಿಡುಗಡೆ ಎಂದೇ ಕರೆಯುತ್ತಾರೆ. ಆದರೆ ಅಲ್ಲಿ ಕಳ್ಳನಿಗೂ ಕೊಲೆಗಾರನಿಗೂ ಒಂದು ತಾರೀಖು ಹೇಳುತ್ತಾರೆ. ಗೋಪಿ ಮಾಡಿದ ತಪ್ಪಾದರೂ ಏನು? ಹೊಟ್ಟೆನೋವು ಬಂದದ್ದೇ? ತೆಲುಗು ಆಡಿದ್ದೇ?

ನನಗೆ ನಿಮ್ಮ ಕ್ಷಮೆ ಬೇಡ, ಪರಿಹಾರ ಬೇಡ, ತನಿಖೆ ಬೇಡ. ಆ ನರ್ಸ್ ಹುಡುಗಿಯ ತಂಟೆಗೂ ಹೋಗಬೇಡಿ. ವೈಲೆಂಟ್ ಎಂದು ಬರೆದದ್ದನ್ನು ಹೊಡೆದುಹಾಕಿ. ಗಾಡಿ ತರಿಸಬೇಡಿ. ಸಮಿತಿ ಬೇಕೇ ಬೇಕೆಂದರೆ ಅದು ನಿಧಾನವಾಗಿ ಸೇರಲಿ, ಅಲ್ಲಿಯವರೆಗೆ ಅವನು ಮನೆಯಲ್ಲಿರಲಿ. ಕರೆದ ದಿನ ಕರೆದುಕೊಂಡು ಬರುತ್ತೇನೆ, ನಾನು ಓಡಿಹೋಗುವ ವಯಸ್ಸಿನವನಲ್ಲ. ಗೋಪಿಯನ್ನು ಮನೆಗೆ ಯಾವ ದಿನ ಕಳಿಸುತ್ತೀರಿ? ಪರಿಶೀಲನೆಯಲ್ಲಿದೆ, ಕ್ರಮ ಕೈಗೊಳ್ಳಲಾಗುವುದು ಎಂಬ ಉತ್ತರ ಕಳಿಸಬೇಡಿ, ಅದನ್ನು ಓದುವುದಿಲ್ಲ. ಒಂದು ದಿನ ಹೇಳಿ. ಉತ್ತರ ಫೆಬ್ರವರಿ ಹತ್ತನೇ ತಾರೀಖಿನೊಳಗೆ ನನ್ನ ಕೈ ಸೇರಬೇಕು.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ
ಮಾರಣ್ಣ
ಸೀರೆ ನೇಯುವವನು, ಮೊಳಕಾಲ್ಮೂರು